ಮಸಿ ಮಾವನ ಮಡಿ
ಕೈ, ಕಿವಿ, ಹುಬ್ಬು, ಕೊನೆಗೆ ಕೆಮ್ಮು ಕೂಡ ಕಪ್ಪಾಗಿರುವ ನಮ್ಮ ಪಕ್ಕದ ಹೊಲದವರಿಗೆ ಊರವರು ಇಟ್ಟ ಹೆಸರು ಮಸಿ ಮಾವ. ಇದ್ದಿಲನ್ನು ತೊಳೆದರೆ ಬೆಳ್ಳಗಾದೀತು, ಇವರು ಆಗಲಾರರು. ಬೆಳಿಗ್ಗೆ ಎದ್ದವರೇ ಡ್ರಮ್ಮಿಗೆ ಜೋಳದ ದಂಟು ತುಂಬಿ, ಮುಚ್ಚಳ ಬಿಗಿದು, ಕೆಳಗೆ ಬೆಂಕಿ ಹಾಕಿ, ಒಲೆಯ ಮೇಲೆ ಹಾಲಿಟ್ಟವರಂತೆ ಕಣ್ಣು ಕದಲಿಸದೆ ಕೂರುತ್ತಾರೆ. "ಉರೀಬಾರ್ದು, ಬೇಯ್ಬೇಕು. ಉರಿದ್ರೆ ಬೂದಿ, ಬೆಂದ್ರೆ ಇದ್ದಿಲು." ಅದನ್ನು ಕುಟ್ಟಿ, ಎಲ್ಲರ ಹೊಲಕ್ಕೂ ತಾವೇ ಹೊತ್ತು, ಗೇಣಾಳ ಅಗೆದು ಬೆರೆಸುತ್ತಾರೆ. "ಮಣ್ಣಲ್ಲಿರೋ ಸೀಸ ಹೋಯ್ತಾ ಮಾವ?" ಎಂದು ಕೇಳಿದರೆ ಸಿಡುಕುತ್ತಾರೆ: "ಅದೆಲ್ಲಿಗೆ ಹೋಗುತ್ತೆ? ಇದ್ದಿಲು ಅದನ್ನ ಹಿಡ್ಕೊಂಡು ಕೂತಿರುತ್ತೆ, ಬೇರಿಗೆ ಬಿಡಲ್ಲ, ಅಷ್ಟೇ." ಯಾರ ಮನೆಗೆ ಊಟಕ್ಕೆ ಹೋದರೂ ಜೇಬಿನಲ್ಲಿ ಒಂದು ಹಿಡಿ ಪುಡಿ ಇರುತ್ತದೆ, ಹೊರಡುವ ಮುಂಚೆ ಅವರ ಹೂಕುಂಡಕ್ಕೆ ಸುರಿದೇ ಬರುತ್ತಾರೆ. ರಕ್ತಕ್ಕೆ ಸೀಸ ಸೇರಿದ ನನ್ನ ಮಗಳು ಏಳು ವರ್ಷವಾದರೂ ತೊದಲುತ್ತಾಳೆ; ಅವಳಿಗೆಂದು ಬೆಳೆದ ಸೊಪ್ಪನ್ನು ಪರೀಕ್ಷೆಗೆ ಕಳಿಸಿ, ರಿಪೋರ್ಟ್ ಓದಿದ ಮೇಲೆಯೇ ಕೊಡುತ್ತಾರೆ. ತಮ್ಮ ಹೊಲದ ಮೂಲೆಯ ಒಂದು ಮಡಿಗೆ ಮಾತ್ರ ಇದ್ದಿಲು ಹಾಕುವುದಿಲ್ಲ. ಹೋಲಿಸಿ ನೋಡಲಿಕ್ಕಿರಬೇಕು ಎಂದುಕೊಂಡಿದ್ದೆ. ಮೊನ್ನೆ ಹೋದಾಗ ಅದೇ ಮಡಿಯ ಸೊಪ್ಪನ್ನು ಕೊಯ್ದು ಒಲೆಗಿಟ್ಟಿದ್ದರು. "ಇದನ್ಯಾಕೆ ತಿಂತೀರಿ ಮಾವ?" ಎಂದೆ. ಸೌಟು ಆಡಿಸುತ್ತಲೇ ಹೇಳಿದರು: "ಬ್ಯಾಟರಿ ಕಾರ್ಖಾನೆ ಕೆಸರನ್ನ ಪುಕ್ಕಟೆ ಗೊಬ್ಬರ ಅಂತ ನಿಮ್ಮೆಲ್ಲರ ಹೊಲಕ್ಕೆ ತಂದು ಸುರಿದ ಲಾರಿ ಡ್ರೈವರ್ ನಾನೇ ಅಲ್ವೇನಮ್ಮ? ಈ ಮಡಿ ನನ್ನ ಪಾಲಿಂದು."