ಬೀರಪ್ಪನವರ ಹದಿಮೂರು ರೋಲರ್

ಬೀರಪ್ಪನವರು ಗೇರ್‌ಬಾಕ್ಸ್ ಬಿಚ್ಚುವ ಮೊದಲು ಚಪ್ಪಲಿ ಕಳಚಿಡುತ್ತಿದ್ದರು. ಬೇರೆ ಗ್ಯಾರೇಜುಗಳಲ್ಲಿ ಹರಕು ಗೋಣಿಚೀಲವೋ ಹಳೇ ಫ್ಲೆಕ್ಸೋ ಹಾಸಿ ಬಿಡಿಭಾಗಗಳನ್ನು ಗುಡ್ಡೆ ಹಾಕುತ್ತಾರೆ. ಶಿಕಾರಿಪುರದ ಇವರ ಶೆಡ್ಡಿನಲ್ಲಿ ಹಾಸುತ್ತಿದ್ದುದು ಕುರಿ ಉಣ್ಣೆಯ ಕರಿ ಕಂಬಳಿ. ಕುರಿ ಸಾಕುವ ಮನೆತನದವರು ಅವರು. ಕಂಬಳಿ ಎಂದರೆ ಅವರಿಗೆ ದೇವರ ಗದ್ದುಗೆ, ಚಪ್ಪಲಿ ಕಾಲಲ್ಲಿ ಯಾರೂ ತುಳಿಯುವಂತಿಲ್ಲ. ಗೇರಿನ ಚಕ್ರಗಳಿಗೂ ಡೀಸೆಲ್ಲಿನಲ್ಲಿ ಸ್ನಾನವಾಗಿ ಮೈ ಒರೆಸಿಕೊಂಡ ಮೇಲೆಯೇ ಅಲ್ಲಿ ಜಾಗ. ನನ್ನನ್ನು ಮೊದಲ ದಿನವೇ ಗದರಿದ್ದರು: "ಅಕ್ಕಾ, ಚಪ್ಪಲಿ ಅತ್ಲಾಗ್ ಬಿಡ್ರಿ. ಗೇರ್‌ಬಾಕ್ಸ್ ಅಂದ್ರೆ ಗಾಡಿ ಹೊಟ್ಟೆ ಇದ್ದಂಗೆ. ಹೊಟ್ಟೆ ಕೊಯ್ಯೋ ಜಾಗ ಶುದ್ಧ ಇರ್ಬೇಕು."

ಬಿಚ್ಚಿದ್ದನ್ನೆಲ್ಲ ಸಾಲಾಗಿ ಇಟ್ಟು, ಸಂಜೆ ಕುರಿ ಎಣಿಸುವಂತೆ ಬೆರಳು ತೋರಿಸಿ ಎಣಿಸುತ್ತಿದ್ದರು. ಕಣದಲ್ಲಿ ಭತ್ತ ಅಳೆಯುವವರ ಹಾಗೆ ಮೊದಲನೆಯದನ್ನು ಒಂದು ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದರು. ಲಾಭ, ಎರಡು, ಮೂರು... ನಟ್ಟು, ಬೋಲ್ಟು, ವಾಷರ್ ಯಾವುದಕ್ಕೂ ವಿನಾಯಿತಿ ಇರಲಿಲ್ಲ. ನಾನಂತೂ ಮನೆಯ ಚಮಚಗಳನ್ನೂ ಎಣಿಸಿಟ್ಟವಳಲ್ಲ. ಅವರ ಪಕ್ಕ ಎರಡು ದಿನ ಕೂತು ಸುಸ್ತಾಗಿಬಿಟ್ಟೆ.

ನಾನು ಅಲ್ಲಿ ಕೂರಬೇಕಾಗಿ ಬಂದದ್ದು ನಮ್ಮ ಮಾವನವರ ಕಾಲದ ಜೀಪಿನಿಂದ. ನಮ್ಮದು ಜಡೆ ಹತ್ತಿರದ ಹಳ್ಳಿ. ಗದ್ದೆ ಹಳ್ಳದ ಆಚೆಗಿದೆ. ನಮ್ಮ ಯಜಮಾನರು ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವವರು, ಸ್ಟೇರಿಂಗ್ ಮುಟ್ಟಿದವರಲ್ಲ. ಮಾವನವರಿಂದ ಓಡಿಸಲು ಕಲಿತವಳು ನಾನೊಬ್ಬಳೇ. ಅದಕ್ಕೆ ಮೊದಲು ಗದ್ದೆಗಾಗಲಿ ಆನವಟ್ಟಿ ಪೇಟೆಗಾಗಲಿ ಹೋಗಬೇಕೆಂದರೆ ಯಾರಾದರೂ ಬೈಕು ತೆಗೆಯುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಲ್ಲಬೇಕಿತ್ತು. ಆ ಜೀಪಿಗೆ ಒಂದು ಕೆಟ್ಟ ಚಾಳಿ ಅಂಟಿತು. ಇಳಿಜಾರಿನಲ್ಲಿ ಆಕ್ಸಿಲೇಟರ್ ಬಿಟ್ಟ ಕೂಡಲೇ ಸೆಕೆಂಡ್ ಗೇರು ತಾನಾಗಿಯೇ ಹೊರಕ್ಕೆ ನೆಗೆಯುತ್ತಿತ್ತು. ನಾನು ಸೈಕಲ್ ಟ್ಯೂಬು ಕತ್ತರಿಸಿ ಗೇರಿನ ಹಿಡಿಯನ್ನು ಸೀಟಿಗೆ ಬಿಗಿದು ಕಟ್ಟಿ ಓಡಿಸುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಅತ್ತೆ ಕೂತಿದ್ದಾಗಲೇ ಟ್ಯೂಬು ಹರಿದು, ಜೀಪು ಸೀದಾ ಹಳ್ಳಕ್ಕಿಳಿದು ನಿಂತಿತು. ಪೆಟ್ಟೇನೂ ಆಗಲಿಲ್ಲ. ಆದರೆ ಅತ್ತೆ ಗುಜರಿಯವನಿಗೆ ಸೋಮವಾರ ಬರಲು ಹೇಳಿಬಿಟ್ಟರು. "ಅಷ್ಟರೊಳಗೆ ಸರಿ ಆದ್ರೆ ಇರ್ಲಿ. ಇಲ್ದಿದ್ರೆ ಹೋತು. ನಂಗೆ ಸೊಸೆ ಬೇಕು ಮಾರಾಯ್ತಿ, ಜೀಪಲ್ಲ" ಎಂದರು.

ಸವೆದ ಹಲ್ಲಿನ ಗೇರು, ಬೇರಿಂಗು, ಸ್ಪ್ರಿಂಗು ಬದಲಾಯಿಸಿ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬೀರಪ್ಪನವರು ಜೋಡಣೆಗೆ ಬಂದಿದ್ದರು. ಉಳಿದದ್ದರಲ್ಲಿ ಮುಖ್ಯವಾದವು ಹದಿಮೂರು ರೋಲರ್. ಬೆರಳ ತುದಿಯಷ್ಟುದ್ದದ ಉಕ್ಕಿನ ಕಡ್ಡಿಗಳು, ಎರಡು ಶಾಫ್ಟು ಸೇರುವ ಕಡೆ ಸುತ್ತಲೂ ಒತ್ತಾಗಿ ಕೂರುವಂಥವು. ಅವಕ್ಕೆ ಗ್ರೀಸು ಬಳಿದು ಕಂಬಳಿಯ ಅಂಚಿನಲ್ಲಿ ಇಟ್ಟು, ಗೇರ್ ಆಯಿಲ್ ತರಲು ನನ್ನನ್ನೂ ಕರೆದುಕೊಂಡು ಪೇಟೆಗೆ ಹೊರಟರು.

ವಾಪಸು ಬಂದಾಗ ಕಂಬಳಿಯ ಮೇಲೆ ಅತ್ತೆ ವಿರಾಜಮಾನರಾಗಿದ್ದರು! ಅದೇ ಊರಿನಲ್ಲಿದ್ದ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು, ನಾಳೆ ಸೋಮವಾರ ಎಂದು ನನಗೆ ನೆನಪಿಸಲು ಬಂದಿದ್ದರಂತೆ. ಬೀರಪ್ಪನವರ ಹೆಂಡತಿ ಹನುಮವ್ವ, ಮನೆಗೆ ಬಂದ ಹಿರಿಯರನ್ನು ಕಂಬಳಿ ಹಾಸದೆ ಕೂರಿಸುವುದುಂಟೇ ಎಂದು, ಎಲ್ಲ ಭಾಗಗಳನ್ನೂ ಅಗಲ ತಟ್ಟೆಯಂಥ ಪರಾತಕ್ಕೆ ತುಂಬಿಟ್ಟು, ಅದೇ ಕಂಬಳಿಯನ್ನು ಸರಿಮಾಡಿ ಹಾಸಿದ್ದರು. ಅತ್ತೆ ಚಹಾ ಕುಡಿದರು, ಎಲೆ ಅಡಿಕೆ ಹಾಕಿದರು, ಮೂರು ಗಂಟೆಯ ಬಸ್ಸಿಗೆ ಹೊರಟರು.

ಬೀರಪ್ಪನವರು ಪರಾತದ ಮುಂದೆ ಕೂತು ಎಣಿಸಿದರು. ಹನ್ನೆರಡು. ಮತ್ತೆ ಲಾಭದಿಂದ ಶುರು ಮಾಡಿದರು. ಹನ್ನೆರಡೇ. ಕಂಬಳಿ ತಡವಿದೆವು, ನೆಲ ಗುಡಿಸಿದೆವು, ಹನುಮವ್ವ ಎಲೆಯಡಿಕೆ ಚೀಲವನ್ನೂ ಸುರುವಿ ನೋಡಿದರು. ಆ ಅಳತೆಯ ರೋಲರ್ ಸಿಗುವ ಶಿವಮೊಗ್ಗದ ಅಂಗಡಿಗೆ ಭಾನುವಾರ ಬೀಗ. ನನ್ನ ಬಾಯಿಂದ ಬಂದೇಬಿಟ್ಟಿತು: "ಹನ್ನೆರಡೇ ಹಾಕಿ ಬೀರಪ್ಪನೋರೆ. ಯಾರಿಗ್ ಗೊತ್ತಾಗತ್ತೆ?"

ಅವರು ಸಿಟ್ಟು ಮಾಡಲಿಲ್ಲ. ಕೈ ಒರೆಸಿಕೊಳ್ಳುತ್ತ ಹೇಳಿದರು: "ಇವತ್ತು ಓಡತೈತೆ ಅಕ್ಕಾ. ಆಮ್ಯಾಲೆ ಒಂದಿನ ಹಳ್ಳದ ದಾರ್ಯಾಗೆ ಕೈ ಕೊಡತೈತೆ. ಒಂದು ಮರಿ ಹೊರಗಿದ್ರೂ ನಮ್ಮಪ್ಪ ಹಟ್ಟಿ ಬಾಗ್ಲು ಹಾಕ್ತಿರಲಿಲ್ಲ. ನಾನೂ ಹಾಕಂಗಿಲ್ಲ." ನನಗೆ ಅಳು ಬಂತು. ನಾಚಿಕೆಯೂ ಆಯಿತು. ಅತ್ತ ಗುಜರಿಯವನು, ಇತ್ತ ಇವರ ಹಟ. ಮತ್ತೆ ಬಾಗಿಲಲ್ಲಿ ನಿಂತು ಬೈಕು ಕಾಯುವುದೇ ಗತಿ ಎಂದುಕೊಂಡೆ.

ಆಗಲೇ ಅತ್ತೆಯ ಫೋನು. ಶಿರಾಳಕೊಪ್ಪದ ಬಸ್ ನಿಲ್ದಾಣದಿಂದ. "ಎಂತದೇ ಇದು? ಸೀರೆ ತುಂಬ ಗ್ರೀಸು! ಯಾರೋ ಹಿಂದಿಂದ ಹೇಳಿದ್ರು. ನೆರಿಗೇಲಿ ಕಬ್ಬಿಣದ ಕಡ್ಡಿ ಬೇರೆ ಅಂಟ್ಕಂಡದೆ!"

"ಅತ್ತೆ, ಎಸೀಬೇಡಿ!" ಎಂದು ನಾನು ಕಿರುಚಿದ್ದಕ್ಕೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಎಲ್ಲವನ್ನೂ ಹೇಳಿದೆ. ಅದಿಲ್ಲದಿದ್ದರೆ ಜೀಪು ಇಲ್ಲ ಎಂಬುದನ್ನೂ ಹೇಳಿದೆ. ಆಮೇಲೆ ಫೋನು ಕಟ್ಟಾಯಿತು.

ಅವರು ಆ ಕಡ್ಡಿಯನ್ನು ಎಸೆದುಬಿಟ್ಟರೆ ಸಾಕಿತ್ತು, ಅವರೆಂದಂತೆಯೇ ಜೀಪು ಗುಜರಿಗೆ ಹೋಗುತ್ತಿತ್ತು. ಒಂದು ಗಂಟೆ ನಾವು ಮೂವರೂ ರಸ್ತೆಯನ್ನೇ ನೋಡುತ್ತ ಕೂತೆವು. ಹನುಮವ್ವ ಮಾತ್ರ "ನನ್ನಿಂದಾತಲ್ಲವ್ವಾ" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅತ್ತೆ ಬೆವರು ಒರೆಸಿಕೊಳ್ಳುತ್ತ ಶೆಡ್ಡಿನ ಬಾಗಿಲಿಗೆ ಬಂದರು, ಚಪ್ಪಲಿ ಕಳಚಿದರು, ಸೆರಗಿನ ಗಂಟು ಬಿಚ್ಚಿ ರೋಲರನ್ನು ಕಂಬಳಿಯ ಮೇಲಿಟ್ಟರು. "ಸೀರೆ ತೊಳ್ಸಿ ಕೊಡ್ರಿ ಅಂತ ಬಂದೆ. ಜೀಪಿಗಲ್ಲ."

ಬೀರಪ್ಪನವರು ಅದನ್ನು ಕಣ್ಣಿಗೊತ್ತಿಕೊಂಡರು. ಹದಿಮೂರನ್ನೂ ಎಣಿಸಿಯೇ ಕೂರಿಸಿದರು. ಜಾಕಿನ ಮೇಲೆ ಹಲಗೆಯಿಟ್ಟು ಗೇರ್‌ಬಾಕ್ಸನ್ನು ಎತ್ತಿ, ನಾನೂ ಅವರೂ ಜೀಪಿನಡಿ ಅಂಗಾತ ಮಲಗಿ ಅಲ್ಲಾಡಿಸುತ್ತ ಇಂಜಿನ್ನಿನತ್ತ ನೂಕಿದೆವು. ಕೊನೆಯ ಎರಡು ಬೆರಳು ಜಾಗ ಮುಚ್ಚಲೇ ಇಲ್ಲ. ಬೋಲ್ಟು ಹಾಕಿ ಬಿಗಿದು ಎಳೆಯೋಣವೇ ಎಂದೆ. "ಬಲವಂತ ಬ್ಯಾಡ್ರಿ, ಬೋಲ್ಟು ಕೂರೋ ಕಿವಿ ಒಡೀತೈತೆ. ಅದಾಗೇ ಬರ್ಲಿ" ಎಂದು ಶಾಫ್ಟನ್ನು ಒಂದಿಷ್ಟು ತಿರುಗಿಸಿದರು. ಕ್ಲಚ್ಚಿನ ಹಲ್ಲು ಸಿಕ್ಕಿ ಅದು ಮೆತ್ತಗೆ ಒಳಗೆ ಕೂತಿತು.

ಹೊತ್ತು ಮುಳುಗುವ ಮೊದಲು ಕೆರೆ ಏರಿಯ ಇಳಿಜಾರಿಗೆ ಒಯ್ದೆವು. ಯಾರೂ ಕರೆಯದೆಯೇ ಅತ್ತೆ ಮುಂದಿನ ಸೀಟಿಗೆ ಹತ್ತಿದರು. ಸೆಕೆಂಡ್ ಹಾಕಿ ಆಕ್ಸಿಲೇಟರ್ ಬಿಟ್ಟು, ಹಿಡಿಯಿಂದ ಕೈಯನ್ನೂ ತೆಗೆದೆ. ಗೇರು ಅಲುಗಲಿಲ್ಲ. ಏರಿಯ ಬುಡ ಮುಟ್ಟುವವರೆಗೂ ಅಲುಗಲಿಲ್ಲ. ಅತ್ತೆ ಅಲ್ಲಿಂದಲೇ ಗುಜರಿಯವನಿಗೆ ಫೋನು ಮಾಡಿದರು.

ಆಮೇಲೆ ಯಾವಾಗ ಮಾತಿಗೆ ಸಿಕ್ಕರೂ ಬೀರಪ್ಪನವರದು ಒಂದೇ ಪ್ರಶ್ನೆ: "ಹದಿಮೂರೂ ಅದಾವೇನ್ರೀ ಅಕ್ಕಾ?" ಅದಾವೆ ಎಂದರೆ ಸಾಕು, ನಗುತ್ತಿದ್ದರು. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಅತ್ತೆಯೂ ನಾನೂ ಜೀಪಿನಲ್ಲೇ ಹೋಗಿದ್ದೆವು. ಆ ಕರಿ ಕಂಬಳಿಯನ್ನೇ ಅವರಿಗೆ ಹೊದಿಸಿದ್ದರು.

ಹಿಂತಿರುಗುವಾಗ ನಮ್ಮ ಹಳ್ಳದ ಇಳಿಜಾರು ಬಂತು, ಸೆಕೆಂಡ್‌ಗೆ ಹಾಕಿದೆ. ಅತ್ತೆ ಎದುರಿನ ದಾರಿಯನ್ನೇ ನೋಡುತ್ತ ಕೇಳಿದರು: "ಹದಿಮೂರೂ ಅದಾವಲ್ಲನೇ?"

"ಅದಾವೆ ಅತ್ತೆ" ಎಂದೆ.