ಬಿಚ್ಚದೆ ಉಳಿದ ರಬ್ಬರು

ಶರಾವತಿ ಸೇತುವೆಯ ಈಚೆ ವಾಹನಗಳ ಸಾಲು ನಿಂತಿತ್ತು. ವೈಶಾಖದ ಬಿಸಿಲು. ನಾನು ಎಂಜಿನ್ ಆರಿಸಿ, ಹಿಂದೆ ಕುಳಿತ ಹೆಂಡತಿ ಶಾರದೆಯ ಮಾತು ಕೇಳುತ್ತಿದ್ದೆ. ಆಗ ಮುಂದಿನ ಬೈಕಿನಿಂದ ಕಾದ ಎಣ್ಣೆಯೂ ರಬ್ಬರೂ ಕೂಡಿದ ವಾಸನೆ ಬಂತು. ನಿಮಗೆ ಅದು ಬರಿಯ ದುರ್ವಾಸನೆ. ನನಗೆ ಎರಡು ವರ್ಷ ಜತನದಿಂದ ಕಾಪಾಡಿಕೊಂಡಿದ್ದ ಒಂದು ಮುನಿಸಿನ ನೆನಪು.

ಮುನಿಸು ಹೊನ್ನಾವರದ ಗ್ಯಾರೇಜಿನ ಪಾಂಡುರಂಗನ ಮೇಲೆ. ನಾನು ಕುಮಟೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ನನ್ನ ಹಳೆಯ ಮೋಟಾರ್‌ಸೈಕಲ್ಲು ಪೇಟೆಯಲ್ಲಿ ನಿಧಾನ ಹೋದರೆ ದೋಸೆ ಕಾವಲಿಯಂತೆ ಕಾಯುತ್ತದೆಂದು ಒಂದು ಬೇಸಿಗೆಯಲ್ಲಿ ಅವನಿಗೆ ತೋರಿಸಿದೆ. ಅವನು ಬಗ್ಗಿ ನೋಡಿ ನಕ್ಕುಬಿಟ್ಟ.

“ಎಂತ ಮಾಸ್ತರ್ರೆ, ಬಿಸಿ-ತಂಪಿನ ಪಾಠ ಬರೀ ಮಕ್ಕಳಿಗೋ? ಇಲ್ ನೋಡಿ...”

ಅಲ್ಲಿ ಏಳು ಜನರಿದ್ದರು. ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ, ಇನ್ನೊಬ್ಬನಿಗೆ ಅಷ್ಟು ಸೌಜನ್ಯವೂ ಇರಲಿಲ್ಲ. ‘ಇಲ್ ನೋಡಿ’ಯ ಮುಂದಿನದನ್ನು ಕೇಳಲು ನಾನು ನಿಲ್ಲಲಿಲ್ಲ.

ಅಂದಿನಿಂದ ಎಣ್ಣೆ ಬದಲಿಸುವುದು, ಪ್ಲಗ್ ಒರೆಸುವುದು ಎಲ್ಲವೂ ನನ್ನದೇ ಕೈಯಿಂದ, ತಾರೀಖು ಬರೆದಿಟ್ಟು. ಕಾವು ಮಾತ್ರ ಇಳಿಯಲಿಲ್ಲ. “ಸಿಟ್ಟು ನಿಮ್ಗೆ, ಸುಡೂದು ನನ್ ಕಾಲು” ಎಂದು ಶಾರದೆ ಗೊಣಗಿದಳು. ಕಡೆಗೆ ತೀರ್ಪನ್ನೇ ಕೊಟ್ಟಳು: “ಇನ್ನೊಂದ್ ಸಲ ಇದು ದಾರಿ ಮೇಲೆ ನಿಂತ್ರೆ ನಾ ಮತ್ತೆ ಹತ್ತೂದಿಲ್ಲ, ಆತಾ?”

ಇದನ್ನು ಸಣ್ಣ ಮಾತೆಂದು ತಿಳಿಯಬೇಡಿ. ಮನೆಯಲ್ಲಿ ನಾವು ಮಿತಭಾಷಿಗಳು. ಮದುವೆಯಾದಾಗಿನಿಂದ ಅವಳ ಮನಸ್ಸಿನ ಮಾತುಗಳೆಲ್ಲ ನನ್ನ ಕಿವಿಗೆ ಬಿದ್ದದ್ದು ಈ ಗಾಡಿಯ ಹಿಂದಿನ ಸೀಟಿನಿಂದಲೇ.

ಹೋದ ವರ್ಷ ಭಟ್ಕಳಕ್ಕೆ ಒಂದು ನಾಮಕರಣಕ್ಕೆ ಹೊರಟಾಗ ಇದೇ ಸಾಲು, ಇದೇ ಬಿಸಿಲು. ಆರಿಸಿದರೆ ಮತ್ತೆ ಹೊತ್ತಲಾರದೆಂಬ ಭಯದಿಂದ ಅರ್ಧ ಗಂಟೆ ಎಂಜಿನ್ ಓಡುತ್ತಲೇ ಇತ್ತು. ಒಮ್ಮೆ ಕಟಕಟ ಎಂದಿತು, ನಿಂತಿತು. ಕಿಕ್ಕರ್ ಕಲ್ಲಿನಂತೆ ಬಿಗಿದುಕೊಂಡಿತು. ಶಾರದೆ ಸೆರಗು ಸರಿಪಡಿಸಿಕೊಂಡು ಇಳಿದಳು. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ನೂರು ಹೆಜ್ಜೆ ಹಿಂದೆ ಪಾಂಡುರಂಗನ ಗ್ಯಾರೇಜು. ತಳ್ಳಿಕೊಂಡು ಹೋದೆ. ಜಗಳವೇ ನಡೆದಿಲ್ಲವೆಂಬಂತೆ ಅವನು “ಬನ್ನಿ ಮಾಸ್ತರ್ರೆ” ಅಂದದ್ದು ನನಗೆ ಇನ್ನೊಂದು ಅವಮಾನವಾಗಿ ಕಂಡಿತು. ನಾನು ಬಾಟಲಿಯ ನೀರು ಸುರಿಯಹೊರಟರೆ ಕೈ ಹಿಡಿದ.

“ನೀರ್ ಬ್ಯಾಡ! ಬಿರುಕು ಬಿಡ್ತದೆ. ತನ್ನಷ್ಟಕ್ಕೆ ತಣೀಲಿ.” ಆಮೇಲೆ ಎರಡು ವರ್ಷದ ಹಿಂದಿನ ಮಾತನ್ನು ಪೂರ್ತಿ ಮಾಡಿದ: “ಅವತ್ತೂ ಇದೇ ಹೇಳೂಕೆ ಹೊರಟಿದ್ದೆ. ಮಳೆಗಾಲದ ರಬ್ಬರು ಬಿಚ್ಚಲೇ ಇಲ್ಲ ನೀವು.”

ನಮ್ಮ ಕರಾವಳಿಯಲ್ಲಿ ಮಳೆಗೆ ಮುಂಚೆ ಹಳೆಯ ಟ್ಯೂಬು ಸೀಳಿ ಎಂಜಿನ್ನಿನ ಮುಂದೆ ಕಟ್ಟುತ್ತೇವೆ; ರಸ್ತೆಯ ನೀರು ಪ್ಲಗ್ಗಿಗೆ ಸಿಡಿಯಬಾರದಲ್ಲ. ಕಟ್ಟುವವನು ನಾನು. ಮಳೆ ಮುಗಿದು ಸರ್ವಿಸಿಗೆ ಬಿಟ್ಟಾಗ ಪ್ರತಿ ವರ್ಷ ಸದ್ದಿಲ್ಲದೆ ಬಿಚ್ಚುತ್ತಿದ್ದವನು ಅವನು! ಆ ಒಂದು ವರ್ಷ ಸರ್ವಿಸು ತಪ್ಪಿತ್ತು. ಆಮೇಲೆ ಮುನಿಸು ಬಂತು. ಹಳೆಯದರ ಮೇಲೆ ಹೊಸದು ಕಟ್ಟುವಾಗಲೆಲ್ಲ ನನ್ನ ಗಂಟು ಎಷ್ಟು ಭದ್ರವೆಂದು ಹೆಮ್ಮೆಪಟ್ಟಿದ್ದೆ. ಓಡುವಾಗ ಬದಿಯಿಂದಾದರೂ ಗಾಳಿ ನುಸುಳುತ್ತಿತ್ತು, ನಿಂತಾಗ ಅದೂ ಇಲ್ಲ. ಗಾಳಿಯಿಂದ ತಣಿಯುವ ಎಂಜಿನ್ನಿನ ಚಿತ್ರವನ್ನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದವನ ಗಾಡಿಗೆ ಮೂರು ಪದರ ರಬ್ಬರು!

“ಪಾಂಡು, ಇವರ ತಲೆಗೂ ಒಂದು ಕಟ್ಟಿರ್ಬೇಕು, ನೋಡು” ಅಂದಳು ಶಾರದೆ. (ಇದನ್ನೂ ನಾನು ಮರೆತಿಲ್ಲ.)

ಒಂದು ಗಂಟೆ ಕಳೆಯಿತು. ಪಾಂಡುರಂಗ ಮೂರೂ ರಬ್ಬರು ಬಿಚ್ಚಿ, ಹೊಸ ಎಣ್ಣೆ ಹಾಕಿ, ಕಿಕ್ಕರನ್ನು ಮೊದಲು ಕೈಯಿಂದ ಮೆಲ್ಲಗೆ ಒತ್ತಿ ನೋಡಿದ. ಸಡಿಲಾಗಿತ್ತು. ಮೂರನೆಯ ಒದೆತಕ್ಕೆ ಎಂಜಿನ್ ಹೊತ್ತಿತು. ಶಾರದೆ ನನ್ನ ಮುಖ ನೋಡಿದಳು, ಗಾಡಿ ನೋಡಿದಳು, ಹತ್ತಿ ಕುಳಿತಳು. ಭಟ್ಕಳದವರೆಗೂ ಮಾತು ನಿಲ್ಲಿಸಲಿಲ್ಲ.

ಇಂದು ನಾನು ಮುಂದಿದ್ದ ಆ ಬೈಕಿನವನ ಬಳಿಗೆ ನಡೆದುಹೋಗಿ ಬಗ್ಗಿ ನೋಡಿದೆ. ಅದೇ ರಬ್ಬರು. ನಗು ಗಂಟಲಿನವರೆಗೆ ಬಂತು, ನುಂಗಿಕೊಂಡೆ. “ಮೊದಲು ಎಂಜಿನ್ ಆರಿಸಿ. ಮಳೆಗಾಲದ ರಬ್ಬರು ಹಾಗೇ ಉಳಿದಿದೆ, ಗಾಡಿ ತಣಿದ ಮೇಲೆ ಬಿಚ್ಚಿ” ಎಂದೆ, ಅಷ್ಟನ್ನೇ.

“ಹೌದಲ್ಲ! ನಿಮ್ಗೆ ಹ್ಯಾಂಗೆ ಗೊತ್ತಾತು ಅಜ್ಜರೆ?”

ಅಜ್ಜರೆ ಅಂದದ್ದನ್ನು ನೆನಪಿಟ್ಟುಕೊಂಡಿದ್ದೇನೆ. ಆದರೂ ಅವನ ಎಂಜಿನ್ ಆರಿದ ಮೇಲೆಯೇ ಹಿಂತಿರುಗಿದೆ. ಸಾಲು ಸರಿಯಿತು. ಗಾಡಿ ಒಂದೇ ಒದೆತಕ್ಕೆ ಹೊತ್ತಿತು. ಶಾರದೆ ಬಿಟ್ಟಲ್ಲಿಂದ ಮಾತು ಮುಂದುವರಿಸಿದಳು.