ಇಟ್ಟೇನ್ರಿ, ನೋಡ್ಕೋರಿ

ನನಗಿಂತ ಚೆನ್ನಾಗಿ ನನ್ನನ್ನು ಬಲ್ಲವನೊಬ್ಬ ಈಗ ಭೂಮಿಯ ಮೇಲೆ ಎಲ್ಲೋ ಇದ್ದಾನೆ. ಅವನು ಕಳ್ಳ. ಯಾವ ದೇಶದವನೋ, ಒಬ್ಬನೋ ಹಲವರೋ ತಿಳಿಯದು. ನಾನು ಮೊಬೈಲಿನಲ್ಲಿ ಆಡುವ ಚೌಕಾಬಾರದ ಕಂಪನಿಯ ಕಂಪ್ಯೂಟರುಗಳೊಳಗೆ ನುಗ್ಗಿ, ಅಲ್ಲಿದ್ದ ಗಿರಾಕಿಗಳ ವಿವರಗಳನ್ನೆಲ್ಲ ಹೊತ್ತುಕೊಂಡು ಹೋಗಿದ್ದಾನೆ. ಹೆಸರು, ಫೋನ್ ನಂಬರು, ಹುಟ್ಟಿದ ತಾರೀಖು. ಜೊತೆಗೆ, ಪಾಸ್‌ವರ್ಡ್ ಮರೆತರೆ ಬೇಕಾದೀತೆಂದು ಕಂಪನಿ ಕೇಳಿಟ್ಟುಕೊಂಡಿದ್ದ ಗುಟ್ಟಿನ ಪ್ರಶ್ನೆಗಳ ಉತ್ತರಗಳು. ಆ ಉತ್ತರಗಳು ಕಳ್ಳನಿಗೆ ಗೊತ್ತು, ಕಂಪನಿಗೂ ಗೊತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಸುದ್ದಿ ತಂದ ಇಮೇಲ್ “ನಿಮ್ಮ ಮಾಹಿತಿಯ ಸುರಕ್ಷತೆಯೇ ನಮ್ಮ ಮೊದಲ ಕಾಳಜಿ” ಎಂದು ಶುರುವಾಗಿತ್ತು. ನಾನು ತರ್ಕಶಾಸ್ತ್ರ ಓದಿದವನು, ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತ ತಲೆಗೂದಲು ಉದುರಿಸಿಕೊಂಡವನು. ಯಾರಾದರೂ ಕೇಳದೆಯೇ ತಮ್ಮ ಕಾಳಜಿಯನ್ನು ಹೇಳಿಕೊಳ್ಳತೊಡಗಿದರೆ ನಮ್ಮದೇನೋ ಕಳೆದಿದೆ ಎಂದು ತಿಳಿಯಬೇಕು ಎಂಬಷ್ಟು ತರ್ಕ ನನಗೆ ಬರುತ್ತದೆ.

ಹುಟ್ಟಿದ ತಾರೀಖು ಕಳುವಾಯಿತೆಂದು ಓದಿದಾಗ ಮಾತ್ರ ನಗು ಬಂತು. ಕಾಗದದ ಮೇಲೆ ನಾನು ಹುಟ್ಟಿದ್ದು ಜೂನ್ ಒಂದಕ್ಕೆ. ನಮ್ಮ ಕಡೆ ನನ್ನ ವಾರಿಗೆಯವರಲ್ಲಿ ಬಹಳ ಜನ ಜೂನ್ ಒಂದಕ್ಕೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಹಿರಿಯರು ಕಾರಹುಣ್ಣಿಮೆಯ ಮರುದಿನ ಅಂತಲೋ, ಸೀಗಿಹುಣ್ಣಿಮೆಯ ಹಿಂದುಮುಂದು ಅಂತಲೋ ಹೇಳುತ್ತಿದ್ದರು. ಮಾಸ್ತರರು ಅದನ್ನೆಲ್ಲ ಗಂಭೀರವಾಗಿ ಕೇಳಿಸಿಕೊಂಡು ಜೂನ್ ಒಂದು ಎಂದು ಬರೆಯುತ್ತಿದ್ದರು. ಶಾಲೆ ಶುರುವಾಗುವ ದಿನವೇ ಹುಡುಗನೂ ಹುಟ್ಟಿಬಿಟ್ಟರೆ ವಯಸ್ಸಿನ ಲೆಕ್ಕ ಸುಲಭ. ಅದರ ಫಲವಾಗಿ ಇಂಡಿಯಿಂದ ಮುದ್ದೇಬಿಹಾಳದವರೆಗೆ ನಿವೃತ್ತಿಯ ಸಮಾರಂಭಗಳೆಲ್ಲ ಮೇ ತಿಂಗಳ ಕೊನೆಗೇ ಬಂದು, ಆ ವಾರ ಶಾಲು ಹಾರ ಸಿಗುವುದು ಕಷ್ಟ. ಹೀಗೆ, ನನ್ನ ನಿಜವಾದ ಹುಟ್ಟುದಿನವನ್ನು ಹ್ಯಾಕರುಗಳ ಕೈಗೆ ಸಿಗದಂತೆ ಕಾಪಾಡಿದ ಆ ಹೆಸರು ನೆನಪಿಲ್ಲದ ಮಾಸ್ತರರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಕಷ್ಟ ಬಂದದ್ದು ಆಮೇಲೆ. ಕಳುವಾದ ಮೇಲೆ ಕಂಪನಿ ಎಲ್ಲರ ಖಾತೆಗಳಿಗೂ ಬೀಗ ಹಾಕಿತು. ತೆರೆಯಬೇಕಾದರೆ ಫೋನಿಗೆ ಬರುವ ಸಂಖ್ಯೆಯ ಜೊತೆಗೆ ಹಳೆಯ ಗುಟ್ಟಿನ ಉತ್ತರಗಳನ್ನೂ ಕೊಡಬೇಕಂತೆ. ಕಳ್ಳನಿಗೆ ಗೊತ್ತಿರುವ ಉತ್ತರದಿಂದ ನಾನೇ ನಾನೆಂದು ಹೇಗೆ ಸಾಬೀತಾಗುತ್ತದೆ ಎಂದು ಕೇಳಲು ಅಲ್ಲಿ ಜಾಗವಿರಲಿಲ್ಲ.

ಒಂದು ಆಟ ಹೋದರೆ ಹೋಗಲಿ ಎನ್ನಬಹುದು. ಅದು ದುಡ್ಡಿಟ್ಟು ಆಡುವ ಆಟವೂ ಅಲ್ಲ. ಆದರೆ ನಾನು ಆಡುತ್ತಿದ್ದುದು ಸಿಂದಗಿಯಲ್ಲಿರುವ ನನ್ನ ಶಾಂತಕ್ಕನ ಜೊತೆ. ಸೊಂಟದ ಎಲುಬು ಮುರಿದು ಸೊಲ್ಲಾಪುರದಲ್ಲಿ ಆಪರೇಶನ್ ಆಗಿ ಬಂದ ಮೇಲೆ, ದಿನಾ ಎದ್ದು ನಡೆಯದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಗ ಪ್ರಭು ಹೇಳಿದ, ಸೊಸೆ ಹೇಳಿದಳು, ನಾನೂ ಫೋನಿನಲ್ಲಿ ಉಪನ್ಯಾಸ ಕೊಟ್ಟೆ. ಅಕ್ಕ ಏಳಲಿಲ್ಲ. ನೋವು ಆಕೆಯದು, ಉಪದೇಶ ನಮ್ಮದು. ಕೊನೆಗೆ ಆಕೆಯನ್ನು ಎಬ್ಬಿಸಿದ್ದು ಚೌಕಾಬಾರ. ದಪ್ಪ ಕಲ್ಲಿನ ಗೋಡೆಯ ಮನೆ ಅದು, ಒಳಕೋಣೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಬರುವುದು ಪಡಸಾಲೆಯ ಕಿಟಕಿಯ ಹತ್ತಿರ ಮಾತ್ರ. ಹಾಗಾಗಿ ಊಟವಾದ ಮೇಲೆ ಅಕ್ಕ ನಾಲ್ಕು ಕಾಲಿನ ಕೋಲು ಹಿಡಿದು, ದಾರಿಯುದ್ದಕ್ಕೂ ಡಾಕ್ಟರನ್ನು ಬಯ್ಯುತ್ತ, ಕಿಟಕಿಯವರೆಗೆ ನಡೆದುಬರುತ್ತಿದ್ದಳು. ಅಲ್ಲಿಂದ ನನ್ನ ಕಾಯಿಗಳನ್ನು ಒಂದೊಂದಾಗಿ ಹೊಡೆಯುತ್ತಿದ್ದಳು. ನಮ್ಮಿಬ್ಬರಲ್ಲಿ ಯಾರು ಎಷ್ಟು ಸಲ ಗೆದ್ದಿದ್ದೇವೆ ಎಂಬುದು ಪರದೆಯ ಮೇಲೆ ಕಾಣುತ್ತಿತ್ತು. ಆಕೆ ಎಷ್ಟೋ ಮುಂದಿದ್ದಳು.

ಅಕ್ಕನ ಖಾತೆಯನ್ನು ಪ್ರಭು ಆಗಲೇ ತೆರೆದಿದ್ದ, ಬೀಗ ಉಳಿದದ್ದು ನನ್ನದಕ್ಕೆ. ಹೊಸ ಖಾತೆ ಮಾಡೋಣ ಎಂದು ಅವನು ಹೇಳಿದ್ದಕ್ಕೆ ಆಕೆ, “ಹೊಸದಾಗಿ ಆಡಿದ್ರ ನಾ ಗೆದ್ದದ್ದು ಎಲ್ಲಿ ಹೋತು?” ಎಂದು ಗೋಡೆಯ ಕಡೆ ತಿರುಗಿ ಮಲಗಿದಳಂತೆ. ನನ್ನ ಫೋನನ್ನೂ ಎತ್ತಲಿಲ್ಲ.

ಹಾಗಾಗಿ ಉತ್ತರಗಳನ್ನು ನಾನೇ ನೆನಪಿಸಿಕೊಳ್ಳಬೇಕಾಯಿತು. ಪ್ರಶ್ನೆಗಳು ಮೂರು: ಹುಟ್ಟಿದ ತಾರೀಖು, ಮೊದಲ ಶಾಲೆ ಇದ್ದ ಊರು, ಮತ್ತು ನೀವು ಎಂದಿಗೂ ಮರೆಯದ ವ್ಯಕ್ತಿ. ನಮ್ಮ ಅಪ್ಪ ಪೋಸ್ಟ್ ಮಾಸ್ತರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ವರ್ಗವಾಗುತ್ತಲೇ ಇದ್ದರು. ನನ್ನ ತಲೆಯಲ್ಲಿ ಈ ನಾಲ್ಕೂ ಊರುಗಳು ಕಲೆತು ಒಂದೇ ಊರಾಗಿವೆ. ಅದರ ಬಸ್‌ಸ್ಟ್ಯಾಂಡು ಒಂದು ಕಡೆಯದು, ಸಂತೆ ಇನ್ನೊಂದು ಕಡೆಯದು, ಶಾಲೆಯ ಗಂಟೆ ಮತ್ತೊಂದು ಕಡೆಯದು. ಹುಟ್ಟಿದ ತಾರೀಖಿನಲ್ಲೂ ಸಂಶಯ ಬಂತು. ಯಾವುದೋ ಸತ್ಯನಿಷ್ಠೆಯ ಗಳಿಗೆಯಲ್ಲಿ ಕಾರಹುಣ್ಣಿಮೆಯನ್ನು ಲೆಕ್ಕ ಹಾಕಿ ನಿಜವಾದುದನ್ನೇ ಕೊಟ್ಟುಬಿಟ್ಟಿದ್ದರೆ? ಇನ್ನು ಎಂದಿಗೂ ಮರೆಯದ ವ್ಯಕ್ತಿಯಂತೂ ಮರೆತೇಹೋಗಿದ್ದ. ಅವ್ವನ ಹೆಸರು ಹಾಕಿದೆ, ತಪ್ಪೆಂದಿತು. ಅಪ್ಪನ ಹೆಸರು ಹಾಕಿ ಊರು ಬದಲಿಸಿದೆ, ಅದೂ ತಪ್ಪು. ಇನ್ನೊಂದು ಸಲ ತಪ್ಪಿದರೆ ಖಾತೆ ಕಾಯಂ ಮುಚ್ಚುತ್ತದೆ ಎಂಬ ಕೆಂಪಕ್ಷರ ಮೂಡಿತು.

ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಬಹಳ ವಿನಯದಿಂದ ಮಾತಾಡಿದಳು. ಇದಕ್ಕೆ ಜವಾಬ್ದಾರರು ಯಾರಮ್ಮಾ ಎಂದು ಕೇಳಿದೆ. ಮಾಹಿತಿ ಇಟ್ಟಿದ್ದ ಕಂಪ್ಯೂಟರುಗಳು ನಮ್ಮವಲ್ಲ, ಬೇರೊಂದು ಕಂಪನಿಯವು ಎಂದಳು. ಆ ಕಂಪನಿಯ ಹೆಸರು ಕೇಳಿದರೆ ಹೇಳುವಂತಿಲ್ಲ ಎಂದಳು. ಕೊನೆಗೆ, ನೀವು ಖಾತೆ ತೆರೆಯುವಾಗ ಷರತ್ತುಗಳಿಗೆ ಒಪ್ಪಿದ್ದೀರಿ ಸರ್, ಅದರಲ್ಲಿ ಇದೆಲ್ಲ ಬರೆದಿದೆ ಎಂದಳು. ನಿಜ, ಒಪ್ಪಿದ್ದೆ. ಪ್ರತಿಯೊಂದನ್ನೂ ಪ್ರಶ್ನಿಸಬೇಕೆಂದು ತರಗತಿಯಲ್ಲಿ ಹೇಳುವ ನಾನು, ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಮಾತ್ರ ಇದುವರೆಗೆ ಪ್ರಶ್ನಿಸಿದವನಲ್ಲ.

ಬಸ್ಸಿನಲ್ಲಿ ‘ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು’ ಎಂದು ಬರೆದಿರುತ್ತದೆ. ಗುಡಿಯ ಬಾಗಿಲಲ್ಲಿ ಚಪ್ಪಲಿಯ ಬಗ್ಗೆ ಹಾಗೇ ಬರೆದಿರುತ್ತದೆ. ಕಲ್ಯಾಣಮಂಟಪದಲ್ಲಿ ಬಂಗಾರದ ಬಗ್ಗೆ. ಒಟ್ಟಿನಲ್ಲಿ, ಯಾವುದಕ್ಕೂ ತಾವು ಜವಾಬ್ದಾರರಲ್ಲ ಎಂದು ಹೇಳುವಷ್ಟು ಜವಾಬ್ದಾರಿಯನ್ನು ಎಲ್ಲರೂ ತೋರಿಸುತ್ತಾರೆ. ಇಂಥ ಫಲಕ ಕಂಡಾಗಲೆಲ್ಲ ನನಗೆ ನೆನಪಾಗುವುದು ಮುದ್ದೇಬಿಹಾಳದ ಬಾಬುಸಾಬರು. ಬಸ್‌ಸ್ಟ್ಯಾಂಡಿನ ಎದುರಿಗೆ ಅವರದು ಕೊಡೆ, ಬ್ಯಾಟರಿ ದುರಸ್ತಿಯ ಅಂಗಡಿ. ಸಂತೆಯ ದಿನ ಹಳ್ಳಿಯಿಂದ ಬಂದವರೆಲ್ಲ ತಮ್ಮ ಚೀಲಗಳನ್ನು ಅಲ್ಲಿ ಒಗೆದು, “ಇಟ್ಟೇನ್ರಿ, ನೋಡ್ಕೋರಿ” ಎಂದು ಹೋಗಿಬಿಡುತ್ತಿದ್ದರು. ಚೀಟಿ ಇಲ್ಲ, ಬಾಡಿಗೆ ಇಲ್ಲ. ಬಾಬುಸಾಬರು ಕೊಡೆಯ ಕಡ್ಡಿಯಿಂದ ತಲೆ ಎತ್ತದೆ “ಹೂಂ” ಎನ್ನುತ್ತಿದ್ದರು. ಷರತ್ತುಗಳೆಲ್ಲ ಆ ಹೂಂನಲ್ಲಿ ಅಡಕವಾಗಿದ್ದವು. ಒಮ್ಮೆ ನಮ್ಮ ಚೀಲ ಕಳೆಯಿತು. ಸಂತೆಯ ದಿನ, ವಾರದ ವ್ಯಾಪಾರವೆಲ್ಲ ಆಗುವ ಹೊತ್ತು. ಬಾಬುಸಾಬರು ಅಂಗಡಿಯ ಬಾಗಿಲು ಎಳೆದು ಹುಡುಕಲು ಹೊರಟರು, ಹುಡುಕಿ ತಂದೇ ಕೊಟ್ಟರು. ಹೊಣೆ ಎಂದರೇನು ಎಂದು ಕಲಿಸುವಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ. ಹುಡುಗರು ಕೇಳುತ್ತಾರೆ, ಅಥವಾ ಹಾಗೆ ತೋರಿಸಿಕೊಳ್ಳುತ್ತಾರೆ.

ಈ ಕಥೆಯನ್ನೂ ಕಂಪನಿಯ ಕಥೆಯನ್ನೂ ಕೂಡಿಸಿ ನನ್ನ ಗೆಳೆಯ ದಸ್ತಗೀರ ವಕೀಲರ ಮುಂದೆ ತೋಡಿಕೊಂಡೆ. ತಪ್ಪು ಕಳ್ಳನದೋ ಕಂಪನಿಯದೋ, ಓದದೆ ಒಪ್ಪಿದ ನನ್ನದೋ ಎಂದು ಮೂರು ಕಡೆಗೂ ವಾದಿಸಿದೆ. ವಕೀಲರಿಗೆ ನನ್ನ ವಾದ ಕೇಳಿ ರೂಢಿಯಿದೆ. ಚಹಾ ಮುಗಿಯುವವರೆಗೆ ಮಾತಾಡಲು ಬಿಟ್ಟು, “ಸರ, ತಪ್ಪು ಬ್ಯಾರೆ, ಜವಾಬ್ದಾರಿ ಬ್ಯಾರೆ. ಕದ್ದಾಂವ ತಪ್ಪು ಮಾಡ್ಯಾನ. ಇಟ್ಕೊಂಡಾಂವ ಜವಾಬ್ದಾರಿ ಹೊರಬೇಕು. ನೀವು ಎರಡೂ ಕಲಿಸಿ ಭಜಿ ಹಿಟ್ಟು ಮಾಡಾಕತ್ತೀರಿ” ಎಂದರು. ಮತ್ತೆ ನನ್ನದೇನು ಎಂದೆ. “ನಿಮ್ಮದು ಏನೂ ಇಲ್ಲರಿ. ಸುಮ್ನ ಸಿಂದಗಿ ಬಸ್ ಹತ್ತರಿ. ಅಕ್ಕಾರ್ನ ಕೇಳಾಕ ನಾಚಿಕಿ ಬರತೈತೇನು?”

ಬರುತ್ತಿತ್ತು. ನಾನು ಯಾರು ಎಂದು ಅಕ್ಕನನ್ನು ಕೇಳುವುದು ಈ ವಯಸ್ಸಿನಲ್ಲಿ ಸುಲಭವಲ್ಲ. ಆದರೆ ಅವತ್ತೇ ಪ್ರಭುವಿನ ಫೋನ್ ಬಂತು. ಆಟ ನಿಂತಾಗಿನಿಂದ ಅವ್ವ ಎದ್ದೇ ಇಲ್ಲ, ಕಾಲು ಮಡಿಸಲು ಹೋದರೆ ಚೀರುತ್ತಾಳೆ ಎಂದ. ಮರುದಿನ ಹೂವಿನ ಹಿಪ್ಪರಗಿಯ ಮೇಲೆ ಹೋಗುವ ಬಸ್ಸು ಹಿಡಿದೆ. ಎರಡೂ ಕಡೆ ತೊಗರಿ ಹೂಬಿಟ್ಟು ನಿಂತಿತ್ತು. ನಾನು ಅದನ್ನು ನೋಡುವ ಬದಲು ಬೆರಳು ಮಡಿಸಿ ಊರುಗಳ ಹೆಸರು ಹೇಳಿಕೊಳ್ಳುತ್ತ ಕೂತಿದ್ದೆ.

ಅಕ್ಕ ಗೋಡೆಯ ಕಡೆಯೇ ಮುಖ ಮಾಡಿದ್ದಳು. ನನ್ನ ದನಿ ಕೇಳಿ ತಿರುಗಲಿಲ್ಲ.

“ಬಂದ್ಯಾ? ನನ್ನ ಕಾಯಿ ಹಣ್ಣಾಗೂ ಹೊತ್ತಿಗೆ ಆಟಾನ ಮುಚ್ಚಿಸಿದಿ.”

ನಾನು ಮುಚ್ಚಿಸಿದ್ದಲ್ಲ, ಕಳ್ಳರು ಬಂದಿದ್ದರು ಎಂದೆ.

“ಸೋಲೂ ಹೊತ್ತಿನ್ಯಾಗ ನಿನಗ ಯಾವಾಗ್ಲೂ ಯಾರರ ಬರ್ತಿರ್ತಾರ.”

ನಾಚಿಕೆ ಬಿಟ್ಟು ಮೂರೂ ಪ್ರಶ್ನೆಗಳನ್ನು ಓದಿಹೇಳಿದೆ. ಆಗ ಮುಖ ಇತ್ತ ತಿರುಗಿತು. ಖಾತೆ ಮಾಡಿದ್ದು ಇದೇ ಮನೆಯಲ್ಲಿ, ನಾನು ಆಕೆಯನ್ನು ನೋಡಲು ಬಂದಾಗ. ಅಷ್ಟು ನನಗೂ ನೆನಪಿತ್ತು. ನೆನಪಿಲ್ಲದ್ದು, ಉತ್ತರ ಕೊಟ್ಟವಳು ಆಕೆ ಎಂಬುದು. ನಮ್ಮ ಮನೆಯ ಪದ್ಧತಿಯೇ ಅದು. ಸಣ್ಣವನಿದ್ದಾಗ ಯಾರಾದರೂ ನಿನ್ನ ಹೆಸರೇನೋ ಎಂದು ಕೇಳಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿ ಮುಗಿಸಿರುತ್ತಿದ್ದಳು.

“ನೀ ಕುಂತು ಮರೀಯೂದಂದ್ರ ಏನು, ವ್ಯಕ್ತಿ ಅಂದ್ರ ಯಾರು ಅಂತ ಭಾಷಣ ಮಾಡಾಕತ್ತಿದ್ದಿ. ಆಟ ಯಾವಾಗ ಸುರು ಆಗಬೇಕು? ಬಾಬುಸಾಬ ಅಂತ ಹಾಕು ಅಂದೆ, ಹಾಕಿದಿ.”

ನನಗೆ ಸಂತೋಷವಾಯಿತು. ಹೌದಲ್ಲ, ಮುದ್ದೇಬಿಹಾಳದ ಬಾಬುಸಾಬರು, ನಮ್ಮ ಚೀಲ ಹುಡುಕಿಕೊಟ್ಟವರು ಎಂದೆ.

“ಯಾವ ಚೀಲೋ ತಮ್ಮಾ? ಮುದ್ದೇಬಿಹಾಳ ಅಲ್ಲ, ಅದು ಇಂಡಿ. ಕಳದದ್ದು ಚೀಲ ಅಲ್ಲ, ನೀನು.”

ಆಕೆ ಹೇಳಿದ್ದು ಇಷ್ಟು. ನನ್ನನ್ನು ಮೊದಲು ಶಾಲೆಗೆ ಹಾಕಿದ್ದೂ ಇಂಡಿಯಲ್ಲೇ, ಖಾತೆಗೆ ಕೊಟ್ಟ ತಾರೀಖೂ ಶಾಲೆಯದೇ. ಅಪ್ಪ ಅವ್ವ ಸಂತೆಗೆ ಹೋಗುವಾಗ ಚೀಲಗಳ ಜೊತೆ ನಮ್ಮಿಬ್ಬರನ್ನೂ ಬಾಬುಸಾಬರ ಅಂಗಡಿಯಲ್ಲಿ ಇಟ್ಟುಹೋಗಿದ್ದರು. ನಿಂಬೆಹಣ್ಣಿನ ಗಾಡಿಯೊಂದರ ಹಿಂದೆ ನಾನು ಹೊರಟುಹೋದೆ. ಬಾಬುಸಾಬರು ಬಾಗಿಲು ಎಳೆದು, ಅಕ್ಕನ ಕೈ ಹಿಡಿದುಕೊಂಡು ಸಂತೆಯೆಲ್ಲ ತಿರುಗಿ, ನಿಂಬೆಹಣ್ಣಿನ ಮೂಟೆಯ ಮೇಲೆ ನಿದ್ದೆ ಹೋಗಿದ್ದ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ತಂದರು. ಅಪ್ಪನಿಗೆ ಸಂಕೋಚ. ನಿಮ್ಮದೇನು ತಪ್ಪು, ಹುಡುಗನೇ ಉಡಾಳ ಎಂದರಂತೆ. ಬಾಬುಸಾಬರು ಹೇಳಿದ್ದು ಅಕ್ಕನಿಗೆ ಈಗಲೂ ಕಿವಿಯಲ್ಲಿದೆಯಂತೆ: “ತಪ್ಪು ಯಾರದರ ಇರಲಿ ಮಾಸ್ತರ. ಇಟ್ಟಿದ್ದು ನನ್ನ ಅಂಗಡ್ಯಾಗ.”

ಇಷ್ಟು ವರ್ಷ ಚೀಲವೊಂದರ ಕಥೆಯೆಂದು ಹೇಳುತ್ತ ಬಂದದ್ದು ನನ್ನದೇ ಕಥೆಯಾಗಿತ್ತು. ಸುಮ್ಮನೆ ಜೂನ್ ಒಂದು, ಇಂಡಿ, ಬಾಬುಸಾಬ ಎಂದು ಒತ್ತಿದೆ. ಬೀಗ ತೆರೆಯಿತು.

ಸಂಶಯಪಡುವ ಚಟ ಅಷ್ಟಕ್ಕೆ ಬಿಡುವುದಿಲ್ಲ. ಖಾತೆ ತೆರೆದದ್ದರಿಂದ ಸಿದ್ಧವಾಗುವುದು ಅಂದು ಅಕ್ಕ ಹಾಗೆ ಹೇಳಿದ್ದಳು, ನಾನು ಹಾಗೆ ಒತ್ತಿದ್ದೆ ಎಂಬುದಷ್ಟೇ. ನಿಂಬೆಹಣ್ಣಿನ ಗಾಡಿ ನಿಜವಾಗಿ ಇತ್ತೆಂದಲ್ಲ. ಆದರೆ ನಾನು ಎಲ್ಲೋ ಒಂದು ಕಡೆ ಕಳೆದುಹೋಗಿ ಸಿಕ್ಕವನಿರಬೇಕು, ಇಲ್ಲದಿದ್ದರೆ ಇಲ್ಲಿ ಹೇಗೆ ಇರುತ್ತಿದ್ದೆ? ಇಂಡಿಯೋ ಮುದ್ದೇಬಿಹಾಳವೋ, ಬಾಬುಸಾಬರಿಗೆ ಕೊಡಬೇಕಾದ ಕೃತಜ್ಞತೆಗೆ ಊರಿನ ಹೆಸರು ಬೇಕಿಲ್ಲ ಎಂದುಕೊಂಡೆ. ಕಂಪನಿಯ ಮೇಲಿನ ನನ್ನ ದೂರು ಹಾಗೇ ಇದೆ; ವಕೀಲರು ಅದನ್ನು ಕಾಗದಕ್ಕೆ ಇಳಿಸಿ ಕಳಿಸಿದ್ದಾರೆ. ಕಂಪನಿಯವರು ಅಂಗಡಿ ಮುಚ್ಚಿ ಹುಡುಕಲು ಹೊರಟಾರೆಂಬ ಭರವಸೆ ನನಗಿಲ್ಲ. ಆದರೂ ಇಟ್ಟಿದ್ದು ಅವರ ಅಂಗಡಿಯಲ್ಲಿ ಎಂದು ನೆನಪಿಸುವುದು ನನ್ನ ಕೆಲಸ.

ಅಷ್ಟರಲ್ಲಿ ಅಕ್ಕ ಮಂಚದ ಅಂಚಿಗೆ ಬಂದು ಕೂತಿದ್ದಳು. ಕೋಲು ತಾ ಎಂದಳು. ಎದ್ದು ನಿಂತಾಗ ಮುಖ ಕಿವುಚಿಕೊಂಡಳು. ಒಂದು ಗಳಿಗೆ ನಿಂತು ಡಾಕ್ಟರನ್ನು ಬಯ್ದಳು. ಪ್ರಭು ಹಿಡಿಯಲು ಹೋದರೆ ಅವನನ್ನೂ ಬಯ್ದಳು. ಬಯ್ಯುತ್ತ ಬಯ್ಯುತ್ತ ಕಿಟಕಿ ಮುಟ್ಟಿದಳು.

ಆಟಕ್ಕೆ ಮೊದಲು ಪರದೆಯ ಮೇಲೆ ಇನ್ನೊಂದು ಸೂಚನೆ ಬಂತು: ಹಳೆಯ ಉತ್ತರಗಳು ಕಳುವಾಗಿರುವುದರಿಂದ, ಬೇರೆ ಯಾರಿಗೂ ಗೊತ್ತಿರದ ಹೊಸ ಉತ್ತರಗಳನ್ನು ಕೊಡಿ. ನನಗೆ ಮಾತ್ರ ಗೊತ್ತಿರುವಂಥದ್ದು ಏನಿದೆ ಎಂದು ಯೋಚಿಸತೊಡಗಿದೆ. ಅಕ್ಕನಿಗೆ ತಾಳ್ಮೆ ಇಲ್ಲ. ಫೋನ್ ಕಸಿದುಕೊಂಡು, ನನಗೆ ಕಾಣದಂತೆ ಕಿಟಕಿಯ ಕಡೆ ಹಿಡಿದು, ಒಂದೊಂದೇ ಅಕ್ಷರ ಒತ್ತಿ ಮೂರೂ ಉತ್ತರ ತುಂಬಿಸಿದಳು. ಏನು ಹಾಕಿದೆ ಎಂದರೆ, “ನಿನಗ ಹೇಳಿದ್ರ ಮರೀತಿ, ಇಲ್ಲಾ ಸಂಶೆ ಪಡ್ತಿ. ನನ್ನ ಕಡೇನ ಇರಲಿ” ಎಂದಳು.

ಆ ಮಧ್ಯಾಹ್ನ ಚೆನ್ನಾಗಿ ಸೋತೆ. ಸಂಜೆಯ ಬಸ್ಸಿಗೆ ಹೊರಟಾಗ ಅಕ್ಕ ಕಿಟಕಿಯ ಹತ್ತಿರವೇ ಕೂತಿದ್ದಳು. ಹೊಸ್ತಿಲ ಬಳಿ ನಿಂತು, ಏಕೋ, “ಇಟ್ಟೇನಿ, ನೋಡ್ಕೋ” ಎಂದೆ. ಪರದೆಯಿಂದ ತಲೆ ಎತ್ತದೆ ಆಕೆ “ಹೂಂ” ಎಂದಳು. ನನ್ನನ್ನು ಸಿಂದಗಿಯಲ್ಲಿ ಇಟ್ಟು, ಹಗುರವಾಗಿ ಬಾಗೇವಾಡಿಯ ಬಸ್ಸು ಹತ್ತಿದೆ.